ತಿದ್ದಿದ್ದು ಮೂಲಕ್ಕೂ ಸೇರಲಿ

ಕರ್ನಾಟಕದಲ್ಲಿ ನಾನು ಕೆಲಸ ಕಲಿತ ಪ್ರಯೋಗಾಲಯದಲ್ಲಿ, ಬಳಸುವ ಲೈಬ್ರರಿಯಲ್ಲಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಸಂಗ್ರಹದಲ್ಲಿ, ದೋಷ ಕಂಡರೆ ನಾವೆಲ್ಲ ಅದನ್ನು ನಮ್ಮ ನಮ್ಮ ಪ್ರತಿಯಲ್ಲಿ ತಿದ್ದಿಕೊಂಡು ಪ್ರಯೋಗ ಮುಂದುವರಿಸುತ್ತಿದ್ದೆವು. ತಿದ್ದುಪಡಿ ಅವರವರ ಫೋಲ್ಡರಿನಲ್ಲೇ ಉಳಿಯುತ್ತಿತ್ತು. ಮರುವರ್ಷ ಬಂದ ವಿದ್ಯಾರ್ಥಿ ಅದೇ ದೋಷವನ್ನು ಮೊದಲಿನಿಂದ ಹುಡುಕುತ್ತಿದ್ದ. ಈಗ ನಾನಿರುವ ಹೊರನಾಡಿನ ತಂಡದ ಹಿರಿಯ ಸಂಶೋಧಕಿಯೊಬ್ಬರು ಕೃತಕ ಬುದ್ಧಿಮತ್ತೆಯ ಸಂಶೋಧನೆಯ ಜೊತೆಗೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಓಪನ್ ಸೋರ್ಸ್ ಪ್ರೋಗ್ರಾಮಿಂಗ್ ಸಲಕರಣೆಯೊಂದರ ನಿರ್ವಹಣೆಯನ್ನೂ ಹೊತ್ತಿದ್ದಾರೆ. ನಾನು ತಿದ್ದಿದ ಕೋಡ್ ತೋರಿಸಿದಾಗ ಅವರು ಮೊದಲು ಕೇಳಿದ್ದು, "ಇದನ್ನು ಮೂಲಕ್ಕೆ ಕಳಿಸಿದ್ದೀರಾ?" ಎಂದು.

ಆ ಸಲಕರಣೆಯಲ್ಲಿ ನಾನು ತಿದ್ದಿದ್ದು ಪಠ್ಯವನ್ನು ಪದಗಳಾಗಿ ಒಡೆಯುವ ಭಾಗವನ್ನು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ, ಪಠ್ಯದಲ್ಲಿ ಬೇಕಾದ ಅಕ್ಷರಜೋಡಣೆಯನ್ನು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ವ್ಯವಸ್ಥೆಯಲ್ಲಿ 'ಪದದ ಅಕ್ಷರ' ಎಂದು ಗುರುತಿಸುವ ಸಂಕೇತ ನಮ್ಮ ವ್ಯಂಜನಗಳನ್ನು ಒಪ್ಪುತ್ತದೆ, ಆದರೆ ಕಾಗುಣಿತದ ಚಿಹ್ನೆಗಳನ್ನೂ ವ್ಯಂಜನದ ಸ್ವರ ತೆಗೆಯುವ ಹಲಂತವನ್ನೂ ಒಪ್ಪುವುದಿಲ್ಲ. ಗಣಕದಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ 'ಕನ್ನಡ' ಎಂಬುದು 5 ಸಂಕೇತಗಳ ಪದ: ಕ, ನ, ಹಲಂತ, ನ, ಡ. ನಡುವಿನ ಹಲಂತದ ಬಳಿ ಅದು 'ಕನ' ಮತ್ತು 'ನಡ' ಎಂದು ತುಂಡಾಗುತ್ತದೆ. 'ನಾನು' ಎಂಬ ಪದದಲ್ಲಿ ಉಳಿಯುವುದು ಎರಡು ಒಂಟಿ 'ನ'ಗಳು ಮಾತ್ರ, ಒಂಟಿ ಅಕ್ಷರಗಳನ್ನು ಬಿಟ್ಟುಬಿಡುವ ನಿಯಮವಿದ್ದರೆ ಅವೂ ಹೋಗಿ ಇಡೀ ಪದವೇ ಮಾಯವಾಗುತ್ತದೆ. ದೋಷದ ಸಂದೇಶವೇನೂ ಬರುವುದಿಲ್ಲ. ಕೃತಕ ಬುದ್ಧಿಮತ್ತೆಯ ಮಾದರಿ ಆ ತುಂಡುಗಳಿಂದ ಕಲಿಯುತ್ತಲೇ ಇರುತ್ತದೆ, ಫಲಿತಾಂಶ ಕಳಪೆಯಾದಾಗ ನಾವು ದತ್ತಾಂಶ ಸಾಲದೆಂದು ಬರೆದು ಸುಮ್ಮನಾಗುತ್ತೇವೆ. ಕನ್ನಡ ಬಾರದ ಆ ಸಂಶೋಧಕಿ ನನ್ನ ಕೆಲವೇ ಸಾಲುಗಳ ಬದಲಾವಣೆಯನ್ನು ಒಂದು ವಾರ ಪರಿಶೀಲಿಸಿ, ಒತ್ತಕ್ಷರವಿರುವ ಮತ್ತು ಇಲ್ಲದ ಪದಗಳನ್ನಿಟ್ಟು ಪರೀಕ್ಷೆಗಳನ್ನು ಬರೆಸಿ, ಆಮೇಲೆಯೇ ಸೇರಿಸಿಕೊಂಡರು.

ಸಂಶೋಧಕರೇ ಸಲಕರಣೆ ಕಟ್ಟುವುದು ಹೊಸತೇನಲ್ಲ. ಫರ್ನಾಂಡೋ ಪೆರೆಜ್ ಪೈಥಾನ್ ಕೋಡ್ ಬರೆದು ಕೂಡಲೇ ಫಲಿತಾಂಶ ನೋಡಲು ನೆರವಾಗುವ ಐಪೈಥಾನನ್ನು 2001ರಲ್ಲಿ ಆರಂಭಿಸಿದಾಗ ಭೌತಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ. 2014ರಲ್ಲಿ ಅದರಿಂದಲೇ, ಕೋಡ್, ಟಿಪ್ಪಣಿ, ಚಿತ್ರಗಳನ್ನು ಒಂದೇ ಪುಟದಲ್ಲಿಡುವ ಜುಪಿಟರ್ ಯೋಜನೆ ಬೆಳೆಯಿತು. ನರವಿಜ್ಞಾನದಲ್ಲಿ ಕೆಲಸ ಮಾಡುತ್ತಿದ್ದ ಜಾನ್ ಹಂಟರ್, ದತ್ತಾಂಶವನ್ನು ಚಿತ್ರವಾಗಿ ತೋರಿಸುವ ಮ್ಯಾಟ್‌ಪ್ಲಾಟ್‌ಲಿಬ್ ರೂಪಿಸಿದ್ದು ಅಪಸ್ಮಾರ ರೋಗಿಗಳ ಮೆದುಳಿನ ಸಂಕೇತಗಳನ್ನು ತೆರೆಯ ಮೇಲೆ ನೋಡುವ ಅಗತ್ಯದಿಂದ. ತಮಗೆ ಬೇಕಾದುದನ್ನು ಎಲ್ಲರಿಗೂ ಒದಗುವಂತೆ ಮಾಡುವ ಶ್ರಮವನ್ನು ಇವರು ಹೆಚ್ಚುವರಿಯಾಗಿ ಹೊತ್ತುಕೊಂಡರು.

ಇಲ್ಲಿಯವರು ನಮಗಿಂತ ಉದಾರಿಗಳೆಂದು ನನಗನಿಸುವುದಿಲ್ಲ. ಇಲ್ಲಿ ಒಬ್ಬರ ಕೋಡನ್ನು ಇನ್ನೊಬ್ಬರು ಓದುವುದು ದಿನನಿತ್ಯದ ಕೆಲಸ, ಹಾಗಾಗಿ ತೆರೆದು ತೋರಿಸಲು ಸಂಕೋಚವಿಲ್ಲ. ನನ್ನ ಹಳೆಯ ಪ್ರಯೋಗಾಲಯದಲ್ಲಿ ಕೋಡನ್ನು ಮಾರ್ಗದರ್ಶಕರೂ ಓದುತ್ತಿರಲಿಲ್ಲ. ಅಪರಿಚಿತರು ಓದಿ ತಪ್ಪು ಹಿಡಿದಾರೆಂಬ ಅಂಜಿಕೆ ನಮ್ಮಲ್ಲಿ ಸಹಜವಾಗಿಯೇ ಬೆಳೆದಿತ್ತು. ಆದರೆ ಒಂದು ವಿಷಯದಲ್ಲಿ ಎರಡೂ ಕಡೆ ಭೇದವಿಲ್ಲ. ಬಡ್ತಿಯ ಸಮಯದಲ್ಲಿ ಎಣಿಸುವುದು ಪ್ರಬಂಧಗಳನ್ನೇ. ಬೇರೆಯವರು ಕಳಿಸಿದ ತಿದ್ದುಪಡಿಯನ್ನು ಅರ್ಧ ದಿನ ಕೂತು ಓದಿದ್ದಕ್ಕೆ, ಹಳೆಯ ಆವೃತ್ತಿ ಮುರಿಯದಂತೆ ಕಾಪಾಡಿದ್ದಕ್ಕೆ ಅರ್ಜಿಯಲ್ಲಿ ಒಂದು ಕಾಲಮ್ಮೂ ಇಲ್ಲ. ಆ ಹಿರಿಯ ಸಂಶೋಧಕಿ ಈ ಕೆಲಸವನ್ನು ಹೆಚ್ಚಾಗಿ ಭಾನುವಾರಗಳಲ್ಲಿ ಮಾಡುತ್ತಾರೆ.

ನಮ್ಮ ಮಾರ್ಗದರ್ಶಕರಲ್ಲಿ ನನ್ನದೊಂದು ಕೋರಿಕೆಯಿದೆ. ವಿದ್ಯಾರ್ಥಿಯ ಪ್ರಗತಿ ಕೇಳುವಾಗ ಪ್ರಬಂಧ ಎಲ್ಲಿಗೆ ಬಂತು ಎಂಬುದರ ಜೊತೆಗೆ, ದಾರಿಯಲ್ಲಿ ತಿದ್ದಿದ್ದು ಎಲ್ಲಿಗೆ ಹೋಯಿತು ಎಂದೂ ಕೇಳಿ, ಉತ್ತರವನ್ನು ಅದೇ ವರದಿಯಲ್ಲಿ ಬರೆದುಕೊಳ್ಳಿ.