ಡಾಂಬರು ಆರುವ ಮೊದಲೇ ಜೆಸಿಬಿ

ಹೊಸತಾಗಿ ಡಾಂಬರು ಕಂಡ ರಸ್ತೆ, ಬಿಳಿ ಗೆರೆ ಇನ್ನೂ ಬೆಳ್ಳಗೇ ಉಂಟು, ಅದರ ಮೈಮೇಲೆ ಇವತ್ತು ರಸ್ತೆ ಒಡೆಯುವ ಬ್ರೇಕರ್ ಇಳಿಸಿದ್ದಾರೆ. ಕುಡಿಯುವ ನೀರಿನ ಪೈಪ್ ಹಾಕಲಿಕ್ಕಂತೆ! ಯಾವ ರಸ್ತೆ, ಯಾವ ಇಲಾಖೆ ಅಂತ ಹೇಳುವುದಿಲ್ಲ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಚಂದ್ರಗಿರಿ ಸಂಕದವರೆಗೆ (ಸೇತುವೆಯವರೆಗೆ) ಯಾರು ಓದಿದರೂ ತಮ್ಮ ಮನೆ ಮುಂದಿನದ್ದೇ ಅಂದುಕೊಳ್ಳುತ್ತಾರೆ. ರಸ್ತೆ, ಪೈಪಿನಂಥ ಕೆಲಸವೇ ನನ್ನ ಕಸುಬು ಎಂದು ಇಲ್ಲಿರುವವರಿಗೆ ಗೊತ್ತು, ಹಾಗಾಗಿ ಈ ಮಂಡೆಬೆಚ್ಚವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಉದ್ದ ಆಯಿತು ಅನ್ನುವವರು ಬೆಕ್ಕಿನ ವಿಡಿಯೋ ನೋಡಬಹುದು.

ನನ್ನ ತಕರಾರು ಒಂದೇ. ಮೊದಲು ನೆಲದಡಿಯ ಕೆಲಸ, ಆಮೇಲೆ ನೆಲದ ಮೇಲಿನದ್ದು. ಇದಕ್ಕೆ ರಾಕೆಟ್ ವಿಜ್ಞಾನ ಬೇಡ. ರಸ್ತೆಗಳಿಗೆ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 98 ಎಂಬ ಮಾರ್ಗಸೂಚಿ ಇರುವುದೇ ಪೇಟೆಯ ರಸ್ತೆಯಡಿ ಯಾವುದಕ್ಕೆ ಎಲ್ಲಿ ಜಾಗ ಎಂದು ಹೇಳಲಿಕ್ಕೆ. ಕೊಳಚೆ ಕೊಳವೆ ಎಲ್ಲಕ್ಕಿಂತ ಆಳದಲ್ಲಿ, ಯಾಕೆಂದರೆ ಅದು ಇಳಿಜಾರಿನಲ್ಲೇ ಹರಿಯಬೇಕು, ಪಂಪಿನ ಒತ್ತಡ ಅದಕ್ಕಿಲ್ಲ. ನೀರಿನ ದೊಡ್ಡ ಪೈಪ್ ಒಂದರಿಂದ ಒಂದೂವರೆ ಮೀಟರ್ ಆಳದಲ್ಲಿ, ಮನೆಗಳಿಗೆ ಹೋಗುವ ಸಣ್ಣ ಪೈಪ್ ಅದಕ್ಕಿಂತ ಮೇಲೆ. ನೀರಿನ ಪೈಪಿಗೂ ಕೊಳಚೆಯದ್ದಕ್ಕೂ ಅಡ್ಡಕ್ಕೆ 3 ಮೀಟರ್ ಅಂತರ; ಒಂದನ್ನೊಂದು ದಾಟುವಲ್ಲಿ ನೀರಿನದ್ದು ಕನಿಷ್ಠ ಅರ್ಧ ಮೀಟರ್ ಮೇಲಿರಬೇಕು. ನಮ್ಮಲ್ಲಿ ಏನಾಗುತ್ತದೆ? ಪೈಪ್ ರಸ್ತೆ ಬದಿಯ ಕಣಿಯೊಳಗೇ, ಅಂದರೆ ಚರಂಡಿಯೊಳಗೇ, ಹೋಗುತ್ತದೆ. ಅಗೆಯುವ ಕೂಲಿ ಉಳಿಯಿತಲ್ಲ!

ಕಣಿಯಲ್ಲಿ ಪೈಪ್ ಹೋದರೆ ತೊಂದರೆ ಎರಡು. ಒಂದು, ಅಡ್ಡ ಬಂದ ಪೈಪಿಗೆ ಪ್ಲಾಸ್ಟಿಕ್ ಚೀಲ, ತೆಂಗಿನ ಸೋಗೆ ಸಿಕ್ಕಿಕೊಂಡು ಮಳೆಗಾಲದಲ್ಲಿ ಕಣಿ ಕಟ್ಟುತ್ತದೆ. ಎರಡನೆಯದು ಕಣ್ಣಿಗೆ ಕಾಣದ್ದು. ನಮಗೆ ನೀರು ಬಿಡುವುದು ದಿನದಲ್ಲಿ ಕೆಲವೇ ಗಂಟೆ. ನೀರು ನಿಲ್ಲಿಸಿದಾಗ ಪೈಪ್ ಖಾಲಿಯಾಗುತ್ತಾ ಒಳಗಿನ ಒತ್ತಡ ಹೊರಗಿನದ್ದಕ್ಕಿಂತ ಕೆಳಗಿಳಿಯುತ್ತದೆ, ಜಾಯಿಂಟಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಕಣಿಯ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಮರುದಿನ ಅದೇ ನಲ್ಲಿಯಲ್ಲಿ. ಹಳದಿಕಾಮಾಲೆ ಬಂದ ಮೇಲೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ ಎಂದು ಮೈಕ್ ಕಟ್ಟಿಕೊಂಡು ಬರುತ್ತಾರೆ.

ಚಂದ್ರಗಿರಿ ಹೊಳೆಗೆ ಬೇಸಗೆಯಲ್ಲಿ ಕಡಲಿನ ಉಪ್ಪು ನೀರು ಏರಿ, ಪೇಟೆಯವರು ಉಪ್ಪು ನೀರು ಕುಡಿದದ್ದು ಎಷ್ಟು ವರ್ಷ ಅಂತ ನಿಮಗೆ ಹೇಳಬೇಕಾಗಿಲ್ಲ. ಬಾವಿಕ್ಕೆರೆಯಲ್ಲಿ ಹೊಳೆಗೆ ರೆಗ್ಯುಲೇಟರ್ (ಬಾಗಿಲಿರುವ ಅಡ್ಡಕಟ್ಟು) ಕಟ್ಟಿ ಅದನ್ನು ತಡೆಯಲು ಎಷ್ಟು ಹೆಣಗಾಟ! ಅಷ್ಟು ಕಷ್ಟದಲ್ಲಿ ಸಿಹಿಯಾದ ನೀರು ಪೇಟೆಗೆ ಬಂದು ಜೆಸಿಬಿಯ ಹಲ್ಲಿಗೆ ಸಿಕ್ಕಿ ರಸ್ತೆಯಲ್ಲಿ ಹರಿಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಪೈಪ್ ಒಡೆದಾಗ ಮಾಡಬೇಕಾದ ಮೊದಲ ಕೆಲಸ ಹತ್ತಿರದ ವಾಲ್ವ್ ಮುಚ್ಚುವುದು. ವಾಲ್ವ್ ಎಲ್ಲುಂಟು? ಡಾಂಬರಿನಡಿ! ಪ್ರತಿ ಸಲ ಮೇಲೊಂದು ಪದರ ಹಾಕುವಾಗ ವಾಲ್ವ್ ಗುಂಡಿಯ ಚೌಕಟ್ಟನ್ನು ಅಷ್ಟೇ ಎತ್ತರಿಸಬೇಕು. ಎತ್ತರಿಸುವುದಿಲ್ಲ, ಮುಚ್ಚಳದ ಮೇಲೆಯೇ ರೋಲರ್ ಓಡಿಸುತ್ತಾರೆ. ಹಾಗಾಗಿ ಒಂದು ಓಣಿಯ ಸೋರಿಕೆಗೆ ಇಡೀ ವಲಯದ ನೀರು ಬಂದ್. ವಾಲ್ವ್ ಎಲ್ಲಿದೆ ಎಂದು ನೆನಪಿರುವ ಹಳೇ ಫಿಟ್ಟರ್ ನಿವೃತ್ತನಾದರೆ ಆ ಇಲಾಖೆಯ ಅರ್ಧ ನಕ್ಷೆ ಅವನೊಟ್ಟಿಗೇ ಮನೆಗೆ ಹೋದ ಹಾಗೆ.

ಈಗ ಅಗೆದದ್ದನ್ನು ಮುಚ್ಚುವ ವಿಷಯ. ನಮ್ಮದು ಮುರಕಲ್ಲಿನ (ಲ್ಯಾಟರೈಟ್) ನೆಲ. ಬ್ರೇಕರಿನಲ್ಲಿ ಒಡೆದರೆ ಬರುವುದು ಮಣ್ಣಲ್ಲ, ತೆಂಗಿನಕಾಯಿ ಗಾತ್ರದ ಹೆಂಟೆ ಮತ್ತು ಪುಡಿ. ಅದನ್ನೇ ವಾಪಸ್ ದೂಡಿ ಚಕ್ರ ಹತ್ತಿಸಿದರೆ ಮೇಲಿಂದ ಗಟ್ಟಿಯಾಗಿ ಕಾಣುತ್ತದೆ. ಒಳಗೆ ಹೆಂಟೆಗಳ ನಡುವೆ ಟೊಳ್ಳು. ಜೂನ್ ಮಳೆಗೆ ಪುಡಿಯೆಲ್ಲ ಆ ಟೊಳ್ಳಿಗೆ ಇಳಿಯುತ್ತದೆ, ರಸ್ತೆ ಕುಸಿಯುತ್ತದೆ, ಸ್ಕೂಟರಿನವ ಬೀಳುತ್ತಾನೆ. ಸರಿಯಾದ ಕ್ರಮ ಸಾಮಾನ್ಯವಾಗಿ ಗುತ್ತಿಗೆ ಪತ್ರದಲ್ಲಿ ಬರೆದಿರುತ್ತದೆ. ಪೈಪಿನ ಅಡಿಗೆ ಮತ್ತು ಸುತ್ತ 150 ಮಿಲಿಮೀಟರ್ ಮರಳು ಅಥವಾ ಕ್ರಷರ್ ಪುಡಿ, ಪೈಪಿನಿಂದ ಸುಮಾರು 300 ಮಿಲಿಮೀಟರ್ ಮೇಲೆ ಎಚ್ಚರಿಕೆಯ ಪಟ್ಟಿ, ದೊಡ್ಡ ಹೆಂಟೆ ಹೊರಗೆ, ಉಳಿದದ್ದನ್ನು 150ರಿಂದ 200 ಮಿಲಿಮೀಟರಿನ ಪದರ ಪದರವಾಗಿ ನೀರು ಹಾಕಿ ಪ್ಲೇಟ್ ಕಾಂಪ್ಯಾಕ್ಟರಿನಲ್ಲಿ ಕುಟ್ಟುವುದು, ಮೇಲೆ ಜಲ್ಲಿ. ಡಾಂಬರಿನ ಅಂಚನ್ನು ಗರಗಸದಲ್ಲಿ ನೇರ ಕೊಯ್ದು, ಅಂಚಿಗೂ ಟ್ಯಾಕ್ ಕೋಟ್ (ಅಂಟಿಸಲಿಕ್ಕೆ ಬಳಿಯುವ ತೆಳು ಡಾಂಬರು) ಬಳಿದ ಮೇಲೆ ತೇಪೆ. ಪೈಪ್ ಪ್ಲಾಸ್ಟಿಕ್ಕಿನದ್ದಾದರೆ ಜೊತೆಗೆ ಒಂದು ತಾಮ್ರದ ತಂತಿ ಎಳೆಯಬೇಕು, ಇಲ್ಲವಾದರೆ ನಾಳೆ ನೆಲದಡಿಯ ಪೈಪ್ ಹುಡುಕುವ ಲೊಕೇಟರ್ ಉಪಕರಣಕ್ಕೆ ಅದು ಸಿಗುವುದೇ ಇಲ್ಲ. ಬರೆದದ್ದಕ್ಕೆಲ್ಲ ಬಿಲ್ಲು ಪಾಸಾಗುತ್ತದೆ. ಕಾಂಪ್ಯಾಕ್ಟರ್ ಮಾತ್ರ ಬಂದಿರುವುದಿಲ್ಲ.

"ಹಣ ಬೇರೆ ಬೇರೆ ಕಡೆಯಿಂದ ಬರುತ್ತದೆ ಮಾರಾಯ್ರೆ, ಜಲಜೀವನದ್ದು ಒಂದು, ಪಂಚಾಯತಿನದ್ದು ಇನ್ನೊಂದು, ಮಾರ್ಚ್ 31ರೊಳಗೆ ಖರ್ಚಾಗದಿದ್ದರೆ ವಾಪಸ್, ಇಂಜಿನಿಯರ್ ಎಂತ ಮಾಡುವುದು?" ಇದು ಕಮೆಂಟಿಗೆ ಬಂದೇ ಬರುತ್ತದೆ, ಹಾಗಾಗಿ ನಾನೇ ಬರೆದುಬಿಟ್ಟೆ. ಸರಿ, ಒಪ್ಪಿದೆ. ಆದರೆ ಮಾರ್ಚ್ 31 ಪ್ರತಿ ವರ್ಷ ಮಾರ್ಚಿನಲ್ಲೇ ಬರುತ್ತದಲ್ಲ? ಹಳ್ಳಿಯ ಮನೆಮನೆಗೆ ನಲ್ಲಿ ನೀರು ಕೊಡುವ ಕೇಂದ್ರದ ಜಲಜೀವನ ಮಿಷನ್ ಘೋಷಣೆಯಾದದ್ದು 2019ರಲ್ಲಿ. ಯಾವ ಓಣಿಗೆ ಪೈಪ್ ಬರುತ್ತದೆ ಎಂಬುದು ಡಾಂಬರಿನ ಟೆಂಡರ್ ಕರೆದವನಿಗೆ ಗೊತ್ತಿರಲಿಲ್ಲ ಎಂದರೆ ಅವನು ಪಕ್ಕದ ಕಚೇರಿಗೆ ಒಂದು ಫೋನ್ ಮಾಡಲಿಲ್ಲ ಎಂದಷ್ಟೇ ಅರ್ಥ. ಹೋಗಲಿ, ಪೈಪ್ ತಡವಾಗುತ್ತದೆ ಅಂದುಕೊಳ್ಳಿ. ಡಾಂಬರಿಗೆ ಮೊದಲು ಪ್ರತಿ ಕೂಡುರಸ್ತೆಯಲ್ಲಿ ಅಡ್ಡಲಾಗಿ ಎರಡು ಖಾಲಿ ಕೊಳವೆ ಹೂತಿಡಿ. ಒಂದು 300 ಮಿಲಿಮೀಟರಿನ ಎನ್‌ಪಿ4 ಹ್ಯೂಮ್ ಪೈಪ್ (ಭಾರ ತಡೆಯುವ ಕಾಂಕ್ರೀಟಿನದ್ದು), ಒಂದು 110 ಮಿಲಿಮೀಟರಿನ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್ಕಿನದ್ದು), ಎರಡಕ್ಕೂ ಬಾಯಿಮುಚ್ಚಳ, ಒಳಗೆ ಎಳೆಯುವ ಹಗ್ಗ, ಅಂಚಿನಲ್ಲಿ ಗುರುತಿನ ಕಲ್ಲು. ನೀರಿಗೂ ಕೇಬಲಿಗೂ ಆಗುತ್ತದೆ. ರಸ್ತೆಯ ಖರ್ಚಿನಲ್ಲಿ ಇದು ಲೆಕ್ಕಕ್ಕೇ ಬಾರದ ಬಾಬ್ತು.

ಇನ್ನು ಮಳೆನೀರು. ಇಲ್ಲಿ ನೆಲದಡಿಯದ್ದನ್ನು ಆಮೇಲೆ ನೋಡುವ ಚಟಕ್ಕೆ ಅತಿ ದೊಡ್ಡ ದಂಡ ತೆರುತ್ತಿದ್ದೇವೆ. ನಮ್ಮ ನೀರು ಮೂಡಲ ಗುಡ್ಡದಿಂದ ಇಳಿದು ಪಡುವಣ ಕಡಲಿಗೆ ಹೋಗಬೇಕು. ನಡುವೆ ಮೊದಲು ಹೆದ್ದಾರಿ, ಆಮೇಲೆ ರೈಲು ಹಳಿಯ ದಿಬ್ಬ. ಹೆದ್ದಾರಿಯ ಮೋರಿ ಎಷ್ಟು ದೊಡ್ಡದಾದರೂ ಹಳಿಯಡಿಯ ಮೋರಿ ಸಣ್ಣದಿದ್ದರೆ ನೀರು ಎರಡರ ನಡುವಿನ ಮನೆಗಳಲ್ಲಿ ನಿಲ್ಲುತ್ತದೆ. ಲೆಕ್ಕ ಹಾಕಿ. 45 ಮೀಟರ್ ಅಗಲದ ಹೆದ್ದಾರಿ 1 ಕಿಲೋಮೀಟರಿಗೆ 4.5 ಹೆಕ್ಟೇರ್. ಗಂಟೆಗೆ 60 ಮಿಲಿಮೀಟರ್ ಮಳೆ ಹೊಯ್ದು, ನೂರಕ್ಕೆ 90 ಪಾಲು ಹರಿದು ಹೋದರೆ ಸೆಕೆಂಡಿಗೆ 675 ಲೀಟರ್. ಇದು ರಸ್ತೆಯ ಮೇಲೆ ಬಿದ್ದದ್ದು ಮಾತ್ರ, ಗುಡ್ಡದ್ದು ಬೇರೆ. ಕಾಂಕ್ರೀಟ್ ಕಣಿ ಕಟ್ಟಿ ಅದರ ಕೊನೆಯನ್ನು ಯಾವ ತೋಡಿಗೂ (ಹಳ್ಳಕ್ಕೂ) ಸೇರಿಸದೆ ಯಾರದೋ ಅಡಿಕೆ ತೋಟಕ್ಕೆ ಬಾಯಿ ಬಿಟ್ಟರೆ ಅದನ್ನು ಕಣಿ ಅನ್ನಲಿಕ್ಕಾಗುವುದಿಲ್ಲ. ಕಣಿಯ ಲೆಕ್ಕ ಶುರುವಾಗಬೇಕಾದದ್ದು ಕಡಲಿನ ಕಡೆಯಿಂದ. ತೋಡಿನ ಮಟ್ಟ, ಹಳಿಯ ಮೋರಿಯ ಮಟ್ಟ, ಹೆದ್ದಾರಿಯ ಮೋರಿ, ಕೊನೆಗೆ ರಸ್ತೆ ಬದಿಯದ್ದು. ನಾವು ಉಲ್ಟಾ ಮಾಡುತ್ತೇವೆ.

ಟ್ರಾಫಿಕ್ಕಿಗೂ ಇದಕ್ಕೂ ಏನು ಸಂಬಂಧ ಎಂದರೆ, ಇದೇ ಸಂಬಂಧ. ಸಿಗ್ನಲಿನಲ್ಲಿ 7 ಮೀಟರ್ ಅಗಲದ ದಾರಿ, ಹಸಿರು ದೀಪ ಉರಿದ ಹೊತ್ತನ್ನಷ್ಟೇ ಕೂಡಿಸಿದರೆ ಆಗುವ ಒಂದು ಗಂಟೆಗೆ, ಸುಮಾರು 3,675 ಕಾರಿನಷ್ಟು ವಾಹನ ಬಿಡಬಲ್ಲದು. ಅಗೆತದ ಗುಂಡಿ, ಮಣ್ಣಿನ ರಾಶಿ ಸೇರಿ ಅದು ಐದೂವರೆ ಮೀಟರಿಗೆ ಇಳಿದರೆ 2,890ರ ಹತ್ತಿರ. ಐದರಲ್ಲಿ ಒಂದು ಪಾಲು ಹೋಯಿತು. ಪ್ರೆಸ್ ಕ್ಲಬ್ ಜಂಕ್ಷನ್ನಿನಂಥ ಕಡೆ ಸಂಜೆ ಐದಕ್ಕೆ ಆ ಪಾಲು ಎಂದರೆ ಹಳೇ ಬಸ್ ಸ್ಟ್ಯಾಂಡಿನವರೆಗಿನ ಸಾಲು. ಆಗ ಯಾರೋ ಸಿಗ್ನಲಿನ ಸಮಯ ಹೆಚ್ಚಿಸಿ ಎನ್ನುತ್ತಾರೆ, ಇನ್ನೊಬ್ಬರು ಇನ್ನೊಂದು ಫ್ಲೈಓವರ್ ಕೇಳುತ್ತಾರೆ. ಗುಂಡಿ ಮುಚ್ಚಿ ಎನ್ನುವವರು ಇಲ್ಲ.

ಒಂದು ಗುಟ್ಟು: ಹೊಸ ರಸ್ತೆಗೆ ರಿಬ್ಬನ್ ಕತ್ತರಿಸುವ ಫೋಟೋ ನೋಡಿದರೆ ನನಗೆ ಖುಷಿಯಾಗುವುದಿಲ್ಲ, ಹೆದರಿಕೆಯಾಗುತ್ತದೆ.

2023ರ ಮಾರ್ಚಿನಲ್ಲಿ ಕೇಂದ್ರ ಸರಕಾರ "ಕಾಲ್ ಬಿಫೋರ್ ಯು ಡಿಗ್" ಎಂಬ ಆ್ಯಪ್ ಬಿಟ್ಟಿತು. ಅಗೆಯುವವ ಮೊದಲೇ ತಿಳಿಸಿದರೆ ಅಡಿಯಲ್ಲಿ ಕೇಬಲ್, ಪೈಪ್ ಇರುವವರಿಗೆ ಸುದ್ದಿ ಹೋಗುತ್ತದೆ. ಕೊಚ್ಚಿ–ಮಂಗಳೂರು ಗ್ಯಾಸ್ ಪೈಪ್‌ಲೈನ್ ಹಾದು ಹೋಗುವ ಜಿಲ್ಲೆ ನಮ್ಮದು, ಇಲ್ಲಿ ಕಣ್ಣುಮುಚ್ಚಿ ಅಗೆಯುವುದು ತಮಾಷೆಯಲ್ಲ. ಆ್ಯಪ್ ಬೇಡವಾದರೆ ಬೇಡ, ಜೆಸಿಬಿಗೆ ಮೊದಲು ಕೈಯಿಂದ ಎರಡು ಪರೀಕ್ಷಾ ಗುಂಡಿಯಾದರೂ ತೋಡಿಸಿ. ಇಬ್ಬರು ಆಳು, ಅರ್ಧ ದಿನ.

ಮುಂದಿನ ವಾರ್ಡ್ ಸಭೆಗೆ ಹೋಗುವವರು ರಸ್ತೆ ಯಾವಾಗ ಎಂದು ಕೇಳಬೇಡಿ. ಈ ರಸ್ತೆಯಡಿ ಮುಂದಿನ ಮೂರು ವರ್ಷದಲ್ಲಿ ಯಾರ್‍ಯಾರದ್ದು ಏನೇನು ಬರಲಿಕ್ಕುಂಟು, ಅದರ ಪಟ್ಟಿ ಕೊಡಿ ಎಂದು ಕೇಳಿ. ಕೆಲಸ ಮುಗಿದ ಮೇಲೆ ನಿಜವಾಗಿ ಎಲ್ಲಿ, ಎಷ್ಟು ಆಳದಲ್ಲಿ ಹಾಕಿದರು ಎಂಬ ನಕ್ಷೆ ನಗರಸಭೆಗೆ ಬಾರದೆ ಗುತ್ತಿಗೆದಾರರ ಠೇವಣಿ ವಾಪಸ್ ಕೊಡಬೇಡಿ ಎಂದೂ ಬರೆಸಿ. ಕನ್ನಡದಲ್ಲೇ ಬರೆದು ಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ.