ಸ್ಪಷ್ಟನೆ: ಎನ್‌ಡಿಪಿ ಮತವೆಲ್ಲ ಲಿಬರಲ್ಲರಿಗೇ ಹೋಯಿತೇ?

"2025ರ ಕೆನಡಾ ಚುನಾವಣೆಯಲ್ಲಿ ಎನ್‌ಡಿಪಿ ಮತದಾರರೆಲ್ಲ ಲಿಬರಲ್ಲರಿಗೆ ಓಟು ಹಾಕಿ ಕನ್ಸರ್ವೇಟಿವರನ್ನು ತಡೆದರು" ಅನ್ನೋ ಮಾತು ಎಲ್ಲ ಕಡೆ ಓಡಾಡುತ್ತಿದೆ. ಇದು ಅರ್ಧ ಸತ್ಯ ಮಾತ್ರ. (ಎನ್‌ಡಿಪಿ ಅಂದರೆ ನ್ಯೂ ಡೆಮಾಕ್ರಟಿಕ್ ಪಾರ್ಟಿ, ಅಲ್ಲಿನ ಎಡಪಂಥೀಯ ಪಕ್ಷ.)

2021ರ ಚುನಾವಣೆಗೆ ಹೋಲಿಸಿದರೆ ಎನ್‌ಡಿಪಿಯ ಮತದ ಪಾಲು ಶೇ 18ರ ಹತ್ತಿರದಿಂದ ಶೇ 6ಕ್ಕೆ ಕುಸಿದದ್ದು ನಿಜ. ಗೆದ್ದದ್ದು 7 ಸೀಟು. ಲಿಬರಲ್ಲರ ಪಾಲು ಸುಮಾರು ಶೇ 44ಕ್ಕೆ ಏರಿತು. ಆದರೆ ಕನ್ಸರ್ವೇಟಿವರ ಪಾಲೂ ಶೇ 34ರಿಂದ 41ಕ್ಕೆ ಏರಿತಲ್ವಾ? ಅದನ್ನು ಯಾರೂ ಹೇಳುತ್ತಿಲ್ಲ.

ಒಂಟಾರಿಯೊ ಪ್ರಾಂತ್ಯದ ವಿಂಡ್ಸರ್ ವೆಸ್ಟ್ ನೋಡಿ. ಕಾರು ಕಾರ್ಖಾನೆಗಳ ಊರು, 2002ರಿಂದ ಎನ್‌ಡಿಪಿ ಕೈಯಲ್ಲಿದ್ದ ಕ್ಷೇತ್ರ. ಅಲ್ಲಿ ಗೆದ್ದದ್ದು ಕನ್ಸರ್ವೇಟಿವ್. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನನೈಮೊ-ಲೇಡಿಸ್ಮಿತ್ ಕ್ಷೇತ್ರದಲ್ಲಂತೂ ಮಿಕ್ಕ ಮತ ಲಿಬರಲ್, ಎನ್‌ಡಿಪಿ, ಗ್ರೀನ್ ಅಂತ ಮೂರು ಪಾಲಾಗಿ, ಬರೀ ಶೇ 35ರಷ್ಟು ಮತಕ್ಕೇ ಕನ್ಸರ್ವೇಟಿವ್ ಅಭ್ಯರ್ಥಿ ಗೆದ್ದರು.

ಕೆನಡಾದಲ್ಲೂ ನಮ್ಮ ಲೋಕಸಭೆಯ ಹಾಗೆ ಕ್ಷೇತ್ರದಲ್ಲಿ ಜಾಸ್ತಿ ಮತ ಪಡೆದವರೇ ಗೆಲ್ಲೋದು. ಒಂದು ಪಕ್ಷವನ್ನು ತಡೆಯೋಕೆ ಲೆಕ್ಕ ಹಾಕಿ ಓಟು ಹಾಕುವವರು ದೇಶದ ಸಮೀಕ್ಷೆ ನೋಡಿದರೆ ಸಾಲದು, ತಮ್ಮ ಕ್ಷೇತ್ರದಲ್ಲಿ ನಿಜವಾದ ಪೈಪೋಟಿ ಯಾರ ನಡುವೆ ಅಂತ ನೋಡಬೇಕು. ದಯವಿಟ್ಟು ಆ ಸಂದೇಶವನ್ನು ಸುಮ್ನೆ ಮುಂದಕ್ಕೆ ಕಳಿಸಬೇಡಿ.