ಬೇಡ ಎನ್ನಲು ಎರಡೇ ದಿನ

ಸರ್ಕಾರಿ ಕಚೇರಿಯಲ್ಲಿ ಕಡತ ಅಲುಗುವುದಿಲ್ಲ ಎಂದು ಗೊಣಗುವವರು ಬ್ರಿಟನ್ನಿನ ನೌಕಾ ಕಚೇರಿ ಅಡ್ಮಿರಾಲ್ಟಿಯ ಚುರುಕುತನವನ್ನು ನೋಡಬೇಕಿತ್ತು.

1816ರ ಮಾತು. ಫ್ರಾನ್ಸಿಸ್ ರೊನಾಲ್ಡ್ಸ್ ಎಂಬ 28ರ ತರುಣ ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ, ತಾಯಿಯ ಮನೆಯ ಹಿತ್ತಲಲ್ಲಿ ಮರದ ಚೌಕಟ್ಟು ನಿಲ್ಲಿಸಿ ಎಂಟು ಮೈಲಿ ತಂತಿಯನ್ನು ಶಾವಿಗೆ ಒಣಹಾಕಿದಂತೆ ಹಿಂದಕ್ಕೂ ಮುಂದಕ್ಕೂ ಎಳೆದು ಕಟ್ಟಿದ. ಎರಡೂ ತುದಿಯಲ್ಲಿ ಒಂದೇ ಲಯದಲ್ಲಿ ತಿರುಗುವ ಅಕ್ಷರದ ತಟ್ಟೆಗಳು. ಪಕ್ಕದಲ್ಲಿ ಜೋಡಿಯಾಗಿ ತೂಗುವ ಬೆಂಡಿನ ಗುಂಡುಗಳು. ತಂತಿಯಲ್ಲಿ ವಿದ್ಯುತ್ ತುಂಬಿದ್ದಾಗ ಗುಂಡುಗಳು ಒಂದರಿಂದೊಂದು ದೂರ ಸರಿದಿರುತ್ತಿದ್ದವು; ಈ ತುದಿಯಲ್ಲಿ ಅದನ್ನು ಹೊರಹಾಕಿದರೆ ಆ ತುದಿಯಲ್ಲಿ ತಟ್ಟನೆ ಕೂಡಿಕೊಳ್ಳುತ್ತಿದ್ದವು. ಆಗ ಕಂಡ ಅಕ್ಷರವೇ ಸಂದೇಶ. ಖುಷಿಯಾಗಿ ಅಡ್ಮಿರಾಲ್ಟಿಗೆ ಬರೆದ.

ಆಗಸ್ಟ್ 3ರ ಅವನ ಪತ್ರಕ್ಕೆ 5ರಂದೇ ಕಾರ್ಯದರ್ಶಿ ಜಾನ್ ಬ್ಯಾರೋ ಅವರ ಉತ್ತರ ಬಂತು: ಯಾವುದೇ ಬಗೆಯ ಟೆಲಿಗ್ರಾಫ್ (ದೂರಕ್ಕೆ ಸುದ್ದಿ ಮುಟ್ಟಿಸುವ ಸಾಧನ) ಈಗ ಸಂಪೂರ್ಣ ಅನಗತ್ಯ, ಸದ್ಯ ಬಳಕೆಯಲ್ಲಿರುವುದನ್ನು ಬಿಟ್ಟು ಬೇರೊಂದನ್ನು ಅಳವಡಿಸಿಕೊಳ್ಳುವುದಿಲ್ಲ.

ನಮಗೆ ಊಟವೇ ಬೇಡ, ಆದರೆ ಈಗ ಉಣ್ಣುತ್ತಿರುವುದನ್ನು ಮಾತ್ರ ಬಿಡುವುದಿಲ್ಲ ಎಂದ ಹಾಗಾಯಿತು. ಆದರೂ ಎರಡೇ ದಿನ! ಕಡಲಯಾನದಲ್ಲಿ ಒಸಡು ಕೊಳೆತು ಸಾಯುವ ನಾವಿಕರನ್ನು ನಿಂಬೆ, ಕಿತ್ತಳೆ ಉಳಿಸುತ್ತವೆ ಎಂದು ಹಡಗಿನ ವೈದ್ಯ ಜೇಮ್ಸ್ ಲಿಂಡ್ 1747ರಲ್ಲಿ 12 ಮಂದಿಯ ಮೇಲೆ ಪರೀಕ್ಷಿಸಿ ತೋರಿಸಿದ್ದ. ನಿಂಬೆರಸಕ್ಕೆ ಅಡ್ಮಿರಾಲ್ಟಿ ಅಪ್ಪಣೆ ಕೊಟ್ಟದ್ದು 1795ರಲ್ಲಿ. ಆಗಲಿ ಎನ್ನಲು 48 ವರ್ಷ ಹಿಡಿದರೇನಂತೆ, ಬೇಡ ಎನ್ನುವ ಕೆಲಸ ಎಂದೂ ಬಾಕಿ ಬೀಳಲಿಲ್ಲ.

ಬ್ಯಾರೋ ಪರವಾಗಿಯೂ ಒಂದು ಮಾತು ಹೇಳಬೇಕು. ಹಿಂದಿನ ವರ್ಷವಷ್ಟೇ ವಾಟರ್‌ಲೂನಲ್ಲಿ ನೆಪೋಲಿಯನ್ ಸೋತಿದ್ದ. ಯುದ್ಧವೇ ಮುಗಿದ ಮೇಲೆ ಅವಸರದ ಸುದ್ದಿ ಎಲ್ಲಿಂದ ಬರಬೇಕು?

ಆದರೆ ಅದೇ ಅಡ್ಮಿರಾಲ್ಟಿ, ಸುದ್ದಿಯ ಅವಸರವಿಲ್ಲದ ಆ ಶಾಂತಿಕಾಲದಲ್ಲೇ, ಲಂಡನ್ನಿನಿಂದ ಪೋರ್ಟ್ಸ್‌ಮತ್‌ವರೆಗೆ ಗುಡ್ಡಗುಡ್ಡದ ಮೇಲೂ ಸೆಮಾಫೋರ್ ಕಂಬ ನೆಟ್ಟು 1822ರಲ್ಲಿ ಹೊಸ ಸಾಲನ್ನೇ ಶುರುಮಾಡಿತು. ಕಂಬಕ್ಕೆ ಎರಡು ಮರದ ಕೈ. ಒಂದು ಗುಡ್ಡದವನು ಕೈ ಆಡಿಸಬೇಕು, ಮುಂದಿನ ಗುಡ್ಡದವನು ದೂರದರ್ಶಕದಲ್ಲಿ ಇಣುಕಿ ತನ್ನ ಕಂಬದಲ್ಲೂ ಹಾಗೆಯೇ ಆಡಿಸಬೇಕು. ಕತ್ತಲಾದರೆ ರಾಜ್ಯದ ಬಾಯಿ ಬಂದ್. ಮಂಜು ಕವಿದರೂ ಬಂದ್. ಮಂಜಿಗೇ ಹೆಸರಾದ ಇಂಗ್ಲೆಂಡಿಗೆ ಹೇಳಿ ಮಾಡಿಸಿದ ಯಂತ್ರ!

ಬೇರೆಯವರ ವಿದ್ಯುತ್ ತಂತಿ ಪಕ್ಕದಲ್ಲೇ ಬಂದು ಕುಳಿತ ಮೇಲೂ ಆ ಮರದ ಕೈಗಳು ಆಡುತ್ತಲೇ ಇದ್ದವು. 1847ರ ಡಿಸೆಂಬರ್ 31ರಂದು ಕೆಳಗಿಳಿದವು. ರೊನಾಲ್ಡ್ಸ್‌ಗೆ ನೈಟ್ ಪದವಿ ಸಿಕ್ಕಿದ್ದು 1870ರಲ್ಲಿ, 82ನೆಯ ವಯಸ್ಸಿನಲ್ಲಿ. ಅಷ್ಟರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲೂ ತಂತಿ ಹರಿದಾಡುತ್ತಿತ್ತು.